ಎಕ್ಸ್‌ಪೆಕ್ಟ್ ಅಂದರೆ ಏನು ಮೇಡಂ?

ಮೂವತ್ತು ವರ್ಷಕ್ಕೂ ಮಿಕ್ಕಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವಳು ನಾನು. ಪದದ ಅರ್ಥ ಕೇಳಿಕೊಂಡು ಬಂದವರಿಗೆಲ್ಲ ಸಂತೋಷದಿಂದ ಹೇಳಿದ್ದೇನೆ. ಒಂದೇ ಒಂದು ಸಲ ಮಾತ್ರ, ಅರ್ಥ ಹೇಳಿ ಮನೆಗೆ ಬಂದು ಊಟ ಸೇರದೆ ಮಲಗಿದೆ. ತೊಂಬತ್ತರ ದಶಕದ ಮಾತು. ಅವತ್ತು ನಾನು ನಿಂತದ್ದು ತರಗತಿಯಲ್ಲಲ್ಲ, ಸಾಕ್ಷಿಯ ಕಟಕಟೆಯಲ್ಲಿ.

ಸತ್ತವಳು ನನ್ನ ವಿದ್ಯಾರ್ಥಿನಿ. ಬಿ.ಎ. ಮುಗಿಯುತ್ತಲೇ ಅವಳಿಗೆ ಮದುವೆಯಾಯಿತು. ಗಂಡನ ಮನೆಯಿಂದ ಆಗಾಗ ನನಗೆ ಕಾಗದ ಬರೆಯುತ್ತಿದ್ದಳು, ಇಂಗ್ಲಿಷಿನಲ್ಲೇ. ಇಂಗ್ಲಿಷ್ ಮೇಡಂಗೆ ಇಂಗ್ಲಿಷಿನಲ್ಲಿ ಬರೆಯಬೇಕೆಂಬ ಹೆಮ್ಮೆ ಎಂದುಕೊಂಡಿದ್ದೆ. ಅತ್ತೆ ಮಾವನಿಗೆ ಆ ಭಾಷೆ ಬಾರದು ಎಂಬುದೂ ಕಾರಣವಾಗಿದ್ದಿರಬೇಕೆಂದು ತಡವಾಗಿ ಹೊಳೆಯಿತು. ಒಂದು ಕಾಗದದಲ್ಲಿ 'ಸ್ಮಾಲ್ ಅಡ್ಜಸ್ಟ್‌ಮೆಂಟ್ ಪ್ರಾಬ್ಲಂ' ಇದೆ ಎಂದಿತ್ತು. ಇನ್ನೊಂದರಲ್ಲಿ, ಗಂಡನ ವ್ಯಾಪಾರಕ್ಕೆ ಅಪ್ಪನಿಂದ 'ಸಮ್ ಹೆಲ್ಪ್' ಅನ್ನು 'ಎಕ್ಸ್‌ಪೆಕ್ಟ್' ಮಾಡುತ್ತಿದ್ದಾರೆ ಎಂದಿತ್ತು. ಹುಡುಗಿಯ ವಾಕ್ಯರಚನೆ ಸುಧಾರಿಸಿದೆಯಲ್ಲ ಎಂದು ನಾನು ಸಂತೋಷಪಟ್ಟೆ. ಹೊಂದಿಕೊಂಡು ಹೋಗು, ಎಲ್ಲ ಸರಿಹೋಗುತ್ತದೆ ಎಂದು ಉತ್ತರ ಬರೆದೆ. ಅದಾಗಿ ಏಳು ತಿಂಗಳಿಗೆ ಸೀಮೆಎಣ್ಣೆ ಸ್ಟೌ ಸಿಡಿಯಿತೆಂಬ ಸುದ್ದಿ ಬಂತು.

ಆ ಕಾಗದಗಳು ನ್ಯಾಯಾಲಯಕ್ಕೆ ಹೋದವು. ಪಾಟೀಸವಾಲಿನಲ್ಲಿ ಎದುರು ಕಡೆಯ ವಕೀಲರು ಬಹಳ ಮರ್ಯಾದೆಯಿಂದ ಕೇಳಿದರು: "ತಾವು ಇಂಗ್ಲಿಷ್ ಉಪನ್ಯಾಸಕರು. ಎಕ್ಸ್‌ಪೆಕ್ಟ್ ಅಂದರೆ ಏನು ಮೇಡಂ? ಡಿಮ್ಯಾಂಡ್ ಅಂತಲೇ?" ಅಲ್ಲ ಎಂದೆ. ನಿರೀಕ್ಷಿಸುವುದು ಎಂದೆ. "ಹೆಲ್ಪ್ ಅಂದರೆ ವರದಕ್ಷಿಣೆಯೇ?" ಅಲ್ಲ, ಸಹಾಯ ಎಂದೆ. "ಅಷ್ಟು ಸಾಕು" ಎಂದು ಅವರು ಕೂತರು. ಆರೋಪಿಗಳ ಖುಲಾಸೆಗೆ ಬೇರೆ ಕಾರಣಗಳೂ ಇದ್ದವು. ಆದರೆ ಅವತ್ತು ಹೊರಗಿನ ಜಗಲಿಯಲ್ಲಿ ಆ ಹುಡುಗಿಯ ತಂದೆ, "ನೀವು ಸುಳ್ಳೇನೂ ಹೇಳಲಿಲ್ಲ ಬಿಡಿ ಮೇಡಂ" ಎಂದರಲ್ಲ, ಅದನ್ನು ನಾನು ಮರೆತಿಲ್ಲ.

ಸುಳ್ಳು ಹೇಳಿರಲಿಲ್ಲ, ನಿಜ. ಎಕ್ಸ್‌ಪೆಕ್ಟ್ ಎಂಬುದು ಲ್ಯಾಟಿನ್ ಮೂಲದ ಪದ. ಹೊರಗೆ ನೋಡುವುದು, ದಾರಿ ಕಾಯುವುದು ಎಂದು ಅದರ ಹುಟ್ಟರ್ಥ. ನಮ್ಮ ನಿರೀಕ್ಷೆಯಲ್ಲಿಯೂ ಇರುವುದು ನೋಡುವ ಧಾತುವೇ. ನಿಘಂಟಿನ ಪ್ರಕಾರ ನನ್ನ ಉತ್ತರ ಸರಿ. ಆದರೆ ಗಂಡಿನ ಮನೆಯವರು 'ಏನೋ ಒಂದಿಷ್ಟು ನಿರೀಕ್ಷೆ ಇದೆ' ಎಂದರೆ ಅದರ ಅರ್ಥವೇನೆಂದು ಈ ನಾಡಿನ ಪ್ರತಿಯೊಬ್ಬ ಹೆಣ್ಣು ಹೆತ್ತವನಿಗೂ ಗೊತ್ತು. ಅದನ್ನು ನಾನು ಹೇಳಲಿಲ್ಲ.

ಅಂದಿನಿಂದ ಮದುವೆ, ಮನೆ, ಹೊಡೆತ ಇವುಗಳ ಸುತ್ತ ಇರುವ ಇಂಗ್ಲಿಷ್ ಪದಗಳ ಹುಟ್ಟನ್ನು ಹುಡುಕುವುದು ನನಗೆ ಒಂದು ಹಟವಾಯಿತು. ನಮ್ಮ ಕಾನೂನು, ದೂರು, ತೀರ್ಪು ಎಲ್ಲವೂ ಆ ಭಾಷೆಯಲ್ಲೇ ನಡೆದುಬಂದಿವೆ. ಅದರ ಪದಗಳು ಎಲ್ಲಿಂದ ಬಂದವು, ಏನನ್ನು ಹೊತ್ತು ತಂದವು, ಏನನ್ನು ಮುಚ್ಚಿಟ್ಟವು ಎಂದು ನಾವು ತಿಳಿದಿರಬೇಡವೇ?

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. 'ರೂಲ್ ಆಫ್ ಥಂಬ್' ಎಂಬ ನುಡಿಗಟ್ಟನ್ನು ಓದಿದವರೆಲ್ಲ ಕೇಳಿದ್ದೀರಿ. ಹೆಬ್ಬೆರಳಿಗಿಂತ ದಪ್ಪವಲ್ಲದ ಕೋಲಿನಿಂದ ಗಂಡ ಹೆಂಡತಿಯನ್ನು ಹೊಡೆಯಬಹುದೆಂದು ಹಳೆಯ ಇಂಗ್ಲಿಷ್ ಕಾನೂನು ಹೇಳುತ್ತಿತ್ತು, ಈ ಮಾತು ಅಲ್ಲಿಂದ ಬಂತು ಎಂದು ನಾನು ವರ್ಷಗಟ್ಟಲೆ ಪಾಠ ಮಾಡಿದೆ. ನಮ್ಮ ಸಂಘಟನೆಯ ಒಂದು ಕರಪತ್ರಕ್ಕೂ ಬರೆದುಕೊಟ್ಟೆ. ಸಭೆಯಲ್ಲಿ ಕಾನೂನು ಓದುತ್ತಿದ್ದ ಒಬ್ಬ ಹುಡುಗಿ ಎದ್ದು, "ಯಾವ ಕಾನೂನು ಮೇಡಂ, ಯಾವ ಇಸವಿ?" ಎಂದು ಕೇಳಿದಳು. ಹುಡುಕಿದೆ. ಸಿಕ್ಕಲಿಲ್ಲ. ಏಕೆಂದರೆ ಅಂಥ ಕಾನೂನೇ ಇರಲಿಲ್ಲ.

ಈ ನುಡಿಗಟ್ಟು 17ನೇ ಶತಮಾನದಲ್ಲೇ ಬಳಕೆಯಲ್ಲಿತ್ತು. ಅಂದಾಜಿನ ಅಳತೆ, ಕೈಗುಣದ ಲೆಕ್ಕ ಎಂದಷ್ಟೇ ಅದರ ಅರ್ಥ. ನಾವು ಹೂವನ್ನು ಮೊಳದಲ್ಲಿ, ಬಟ್ಟೆಯನ್ನು ಗೇಣಿನಲ್ಲಿ ಅಳೆದ ಹಾಗೆ ಅಲ್ಲಿನ ಕಸುಬುದಾರರು ಹೆಬ್ಬೆರಳಿನಲ್ಲಿ ಅಳೆಯುತ್ತಿದ್ದರು. ಹೊಡೆತದ ಕತೆ ಅಂಟಿಕೊಂಡದ್ದು ಆಮೇಲೆ. 1782ರಲ್ಲಿ ಇಂಗ್ಲೆಂಡಿನ ಬುಲರ್ ಎಂಬ ನ್ಯಾಯಾಧೀಶ ಹೆಬ್ಬೆರಳಿನ ಮಾತನ್ನು ಆಡಿದನೆಂದು ಗುಲ್ಲೆದ್ದಿತು. ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇ ಅವನನ್ನು 'ಜಡ್ಜ್ ಥಂಬ್' ಎಂದು ಕರೆದು, ಕೋಲುಗಳ ಕಟ್ಟು ಹೊತ್ತವನ ಹಾಗೆ ಬರೆದ. ಆದರೆ ಬುಲರ್ ಅಂಥ ತೀರ್ಪು ಕೊಟ್ಟ ದಾಖಲೆ ಇಲ್ಲ. ಗುಲ್ಲಿನ ಕತೆಯನ್ನೂ ಅಳತೆಯ ನುಡಿಗಟ್ಟನ್ನೂ ಜನ ಬೆಸೆದದ್ದು ಬಹಳ ಈಚೆಗೆ, 1970ರ ದಶಕದ ನಂತರ. 1982ರಲ್ಲಿ ಅಮೆರಿಕದ ನಾಗರಿಕ ಹಕ್ಕುಗಳ ಆಯೋಗವೇ ಹೊಡೆತ ತಿಂದ ಹೆಂಗಸರ ಬಗೆಗಿನ ತನ್ನ ವರದಿಯ ಶೀರ್ಷಿಕೆಯಲ್ಲಿ ಈ ನುಡಿಗಟ್ಟನ್ನು ಬಳಸಿತು.

ಹಾಗಾದರೆ ಹೆಂಡತಿಯನ್ನು ಹೊಡೆಯಲು ಕಾನೂನಿನ ಆಸರೆ ಇರಲಿಲ್ಲವೇ? ಇತ್ತು. ಬ್ಲಾಕ್‌ಸ್ಟನ್ 1765ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಕಾನೂನು ಗ್ರಂಥದ ಮೊದಲ ಸಂಪುಟದಲ್ಲಿ, ಹಳೆಯ ಕಾನೂನು ಗಂಡನಿಗೆ ಹೆಂಡತಿಯನ್ನು ಹಿತಮಿತವಾಗಿ 'ತಿದ್ದುವ' ಅಧಿಕಾರ ಕೊಟ್ಟಿತ್ತು ಎನ್ನುತ್ತಾನೆ. ಆ ಅಧಿಕಾರದ ಬಗ್ಗೆ ಈಗ ಅನುಮಾನವಿದೆ, ಆದರೂ ಕೆಳವರ್ಗದವರು ಅದನ್ನು ಬಿಟ್ಟಿಲ್ಲ ಎಂದೂ ಸೇರಿಸುತ್ತಾನೆ. 1868ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಸರ್ವೋಚ್ಚ ನ್ಯಾಯಾಲಯ, ಹೆಂಡತಿಯನ್ನು ಬೆತ್ತದಿಂದ ಹೊಡೆದವನ ಬಿಡುಗಡೆಯನ್ನು ಎತ್ತಿಹಿಡಿಯಿತು. ಕೋಲು ಹೆಬ್ಬೆರಳಿಗಿಂತ ಸಣ್ಣದು ಎಂಬ ಕಾರಣಕ್ಕಲ್ಲ, ಇಂಥ ಸಣ್ಣ ವಿಷಯಕ್ಕೆ ಸಂಸಾರದೊಳಗೆ ಕೈಹಾಕುವುದಿಲ್ಲ ಎಂಬ ಕಾರಣಕ್ಕೆ. ಅದೇ ನ್ಯಾಯಾಲಯ 1874ರಲ್ಲಿ ಗಂಡನಿಗೆ ಹೊಡೆಯುವ ಹಕ್ಕಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಆದರೆ ಮರುವಾಕ್ಯದಲ್ಲೇ, ಕಾಯಂ ಗಾಯವಾಗಿರದಿದ್ದರೆ, ಕ್ರೌರ್ಯವಿರದಿದ್ದರೆ, ಪರದೆ ಎಳೆದು ಅವರವರೇ ಮರೆತು ಕ್ಷಮಿಸಿಕೊಳ್ಳಲು ಬಿಡುವುದು ಲೇಸು ಎಂಬರ್ಥದ ಮಾತನ್ನೂ ಆಡಿತು.

ನೋಡಿ, ಹೆಬ್ಬೆರಳಿನ ಕತೆಗಿಂತ ಈ ಪರದೆಯ ಕತೆ ಎಷ್ಟು ನಮ್ಮದು! ನಾವು ಸುಳ್ಳು ಕತೆಯನ್ನು ಹಿಡಿದು ಹೊರಟರೆ ಎದುರಿನವನು ಅದೊಂದನ್ನು ಕಿತ್ತುಹಾಕಿ, ಮಿಕ್ಕದ್ದೂ ಹೀಗೇ ಎನ್ನುತ್ತಾನೆ. ನಿಜವೇ ಬೇಕಾದಷ್ಟಿರುವಾಗ ನಮಗೆ ಸುಳ್ಳಿನ ಸಾಲ ಏಕೆ?

ಪರದೆಯ ಮಾತು ಬಂದಾಗ ಇನ್ನೊಂದು ನುಡಿಗಟ್ಟು ನೆನಪಾಗುತ್ತದೆ: ಇಂಗ್ಲಿಷನವನಿಗೆ ಅವನ ಮನೆಯೇ ಕೋಟೆ. 1604ರ ಒಂದು ಮೊಕದ್ದಮೆಯ ವರದಿಯಲ್ಲಿ ಎಡ್ವರ್ಡ್ ಕೋಕ್ ಈ ಮಾತಿಗೆ ಕಾನೂನಿನ ಬಲ ಕೊಟ್ಟ. ಅಧಿಕಾರಿಗಳು ಸಿಕ್ಕಸಿಕ್ಕಂತೆ ಪ್ರಜೆಗಳ ಮನೆಗೆ ನುಗ್ಗದಿರಲಿ ಎಂಬುದು ಅದರ ಉದ್ದೇಶ. ಒಳ್ಳೆಯದೇ. ಆದರೆ ಕೋಟೆಯೊಳಗೆ ಸೆರೆಯಲ್ಲಿರುವವಳಿಗೆ? ಗೋಡೆ ಹೊರಗಿನವರನ್ನು ತಡೆದಂತೆ ಒಳಗಿನ ಕೂಗನ್ನೂ ತಡೆಯಿತು. ಗಂಡ ಹೆಂಡತಿಯನ್ನು ಕೂಡಿಹಾಕುವಂತಿಲ್ಲ ಎಂದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಹೇಳಿದ್ದು 1891ರಲ್ಲಿ. 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ನಮ್ಮ ಗಾದೆ ಮಾಡಿದ್ದೂ ಇದೇ ಕೆಲಸ. ಎಷ್ಟು ಮನೆಗಳಲ್ಲಿ ಹೆಂಡತಿ ಉಣ್ಣದೆಯೇ ಮಲಗಿದ್ದಾಳೆ, ಎಷ್ಟು ಮನೆಗಳಲ್ಲಿ ಮತ್ತೆ ಏಳಲೇ ಇಲ್ಲ ಎಂದು ಗಾದೆ ಲೆಕ್ಕ ಇಟ್ಟಿಲ್ಲ.

ಈಗ ನಮ್ಮ ಪತ್ರಿಕೆಯ ಮುಖ್ಯ ಪದಕ್ಕೆ ಬರುತ್ತೇನೆ. ಡೌರಿ. ಲ್ಯಾಟಿನ್ನಿನ 'ದೋಸ್' ಎಂಬುದು ಇದರ ಬೇರು. ಕೊಡುವುದು ಎಂಬ ಧಾತು. ಸಂಸ್ಕೃತದ 'ದಾ' ಧಾತು, ಅದರಿಂದ ಬಂದ ದಾನ, ಎಲ್ಲ ಒಂದೇ ಬಳ್ಳಿಯವು. ಇದೇ ಬೇರಿನಿಂದ ಇಂಗ್ಲಿಷಿಗೆ ಇನ್ನೊಂದು ಪದವೂ ಬಂತು: ಡೌವರ್. ಎರಡು ಪದ ಅಕ್ಕತಂಗಿಯರು, ನಡೆದ ದಿಕ್ಕು ಮಾತ್ರ ಎದುರುಬದುರು. ಡೌರಿ ಹೆಣ್ಣಿನ ಜೊತೆ ತವರಿನಿಂದ ಹೋಗುವಂಥದ್ದು. ಡೌವರ್ ಗಂಡನ ಆಸ್ತಿಯಿಂದ ವಿಧವೆಗೆ ಸಲ್ಲುವಂಥದ್ದು. ಇಂಗ್ಲಿಷ್ ಕಾನೂನಿನಲ್ಲಿ ಬಹುಕಾಲ ಅದು ಗಂಡನ ಭೂಮಿಯಲ್ಲಿ ಮೂರನೆಯ ಒಂದು ಪಾಲು, ಅವಳು ಬದುಕಿರುವ ತನಕ. 1215ರ ಮ್ಯಾಗ್ನಾ ಕಾರ್ಟದಲ್ಲೂ ವಿಧವೆಗೆ ಅವಳ ಪಾಲು ತೊಂದರೆಯಿಲ್ಲದೆ ಸಿಗಬೇಕು, ಬಲವಂತವಾಗಿ ಅವಳ ಮರುಮದುವೆ ಮಾಡಿಸಬಾರದು ಎಂದಿದೆ. 1833ರ ಕಾಯ್ದೆಯಿಂದ ಗಂಡಂದಿರು ಈ ಹಕ್ಕನ್ನು ಸುಲಭವಾಗಿ ತಪ್ಪಿಸುವಂತಾಯಿತು. 1925ರಲ್ಲಿ ಅದು ರದ್ದೇ ಆಯಿತು.

ನಮ್ಮ 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಈ ಅಕ್ಕತಂಗಿಯರು ಒಟ್ಟಿಗೇ ಕೂತಿದ್ದಾರೆ. ಎರಡನೆಯ ಕಲಮು ಡೌರಿ ಎಂದರೇನೆಂದು ಹೇಳಿ, ಮುಸ್ಲಿಂ ವೈಯಕ್ತಿಕ ಕಾನೂನಿನ ಪ್ರಕಾರದ 'ಡೌವರ್ ಅಥವಾ ಮೆಹರ್' ಇದರಲ್ಲಿ ಸೇರುವುದಿಲ್ಲ ಎನ್ನುತ್ತದೆ. ಸರಿಯೇ. ಮೆಹರ್ ಗಂಡ ಹೆಂಡತಿಗೆ ಕೊಡಬೇಕಾದದ್ದು, ಡೌರಿ ಹೆಣ್ಣಿನ ಕಡೆಯಿಂದ ಸುಲಿಯುವುದು.

ಅಲ್ಲಿನ ಮದುವೆಯ ಮಂತ್ರದಲ್ಲೂ ಒಂದು ವ್ಯಂಗ್ಯವಿದೆ. ಇದೇ ಬೇರಿನ 'ಎಂಡೌ' ಎಂಬ ಪದ ಬಳಸಿ, ತನ್ನ ಸಕಲ ಸಂಪತ್ತನ್ನೂ ವಧುವಿಗೆ ಕೊಡುವುದಾಗಿ ವರ ಚರ್ಚಿನಲ್ಲಿ ಪ್ರಮಾಣ ಮಾಡುತ್ತಿದ್ದ. ಅದೇ ಗಳಿಗೆಯಲ್ಲಿ ಕಾನೂನು ಅವಳ ಹಣ, ಒಡವೆ, ಪಾತ್ರೆಪಗಡಿಗಳನ್ನೆಲ್ಲ ಅವನದಾಗಿಸುತ್ತಿತ್ತು. ಮದುವೆಯಾದವಳು ಕಾನೂನಿನ ಕಣ್ಣಿನಲ್ಲಿ ಗಂಡನ ಮುಸುಕಿನೊಳಗೆ ಸೇರಿಹೋದವಳು. ಇದಕ್ಕೆ 'ಕವರ್ಚರ್' ಎಂದೇ ಹೆಸರು. ಮದುವೆಯಾದ ಹೆಣ್ಣು ತನ್ನ ಹೆಸರಿನಲ್ಲಿ ಪೂರ್ಣವಾಗಿ ಆಸ್ತಿ ಇಟ್ಟುಕೊಳ್ಳಲು 1882ರ ಕಾಯ್ದೆ ಬರಬೇಕಾಯಿತು.

'ಗಿಫ್ಟ್' ಎಂಬ ಪದದ ಕತೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಹೆಣ್ಣಿಗಾಗಿ ತೆತ್ತ ಹಣ ಎಂಬ ಅರ್ಥವಿತ್ತು, ನಮ್ಮ 'ತೆರ'ದ ಹಾಗೆ. ಜರ್ಮನ್ ಭಾಷೆಯಲ್ಲಿ ವರದಕ್ಷಿಣೆಗೆ 'ಮಿಟ್‌ಗಿಫ್ಟ್' ಎನ್ನುತ್ತಾರೆ, ಜೊತೆಗೆ ಕೊಟ್ಟದ್ದು ಎಂದು. ಅದೇ ಭಾಷೆಯಲ್ಲಿ ಬರೀ 'ಗಿಫ್ಟ್' ಎಂದರೆ ವಿಷ. ಕೊಟ್ಟ ಔಷಧದ ಪ್ರಮಾಣ, ಅಂದರೆ 'ಡೋಸ್', ಎಂಬ ಅರ್ಥದಿಂದ ಅದು ವಿಷಕ್ಕೆ ತಿರುಗಿತು. ನಮ್ಮಲ್ಲಿ ಗಿಫ್ಟ್ ವಿಷವಾಗಲು ಭಾಷೆಯ ಬದಲಾವಣೆ ಬೇಕಾಗಲಿಲ್ಲ. 'ನಾವೇನೂ ಕೇಳಲಿಲ್ಲ, ಅವರೇ ಪ್ರೀತಿಯಿಂದ ಗಿಫ್ಟ್ ಕೊಟ್ಟರು' ಎಂಬ ಮಾತೇ ಸಾಕಾಯಿತು. ಕನ್ನಡದ ನಾವೇನು ಕಡಿಮೆ? ಪುರೋಹಿತರಿಗೆ ಗೌರವದಿಂದ ಸಲ್ಲಿಸುವ ದಕ್ಷಿಣೆಯನ್ನು ವರನ ಹಿಂದೆ ಅಂಟಿಸಿ, ವಸೂಲಿಗೆ ಪೂಜೆಯ ಹೆಸರಿಟ್ಟೆವು.

ಮಿಕ್ಕ ಕೆಲವು ಪದಗಳನ್ನು ಬೇಗ ಹೇಳಿಬಿಡುತ್ತೇನೆ. 'ವೆಡ್' ಎಂದರೆ ಮೂಲದಲ್ಲಿ ಒತ್ತೆ, ಅಡವು. 'ವೆಡ್‌ಲಾಕ್' ಎಂಬುದರಲ್ಲಿ ಬೀಗವಿದೆ ಎಂದು ನನ್ನ ವಿದ್ಯಾರ್ಥಿನಿಯರು ನಗುತ್ತಿದ್ದರು. ಇಲ್ಲ, ಅದು ಬೀಗದ ಲಾಕ್ ಅಲ್ಲ, ಕ್ರಿಯೆಯನ್ನು ಸೂಚಿಸುವ ಒಂದು ಹಳೆಯ ಪ್ರತ್ಯಯ. 'ವೈಫ್' ಎಂದರೆ ಬರೀ ಹೆಂಗಸು, 'ಮಿಡ್‌ವೈಫ್' ಎಂದರೆ ಹೆರುವವಳ ಜೊತೆಗಿರುವವಳು. 'ಸ್ಪಿನ್‌ಸ್ಟರ್' ಎಂದರೆ ನೂಲುವವಳು, ದುಡಿದು ಉಣ್ಣುವವಳ ಕಸುಬಿನ ಹೆಸರು. ಅದು ಮದುವೆಯಾಗದವಳ ಹೆಸರಾಗಿ, ಆಮೇಲೆ ಹಂಗಿಸುವ ಮಾತಾಯಿತು. ಇಂಗ್ಲೆಂಡಿನ ಮದುವೆ ದಾಖಲೆಗಳಿಂದ ಆ ಪದವನ್ನು ತೆಗೆದದ್ದು 2005ರಲ್ಲಿ. 'ಫ್ಯಾಮಿಲಿ' ಲ್ಯಾಟಿನ್ನಿನಲ್ಲಿ ಮೊದಲು ಒಂದು ಮನೆಯ ಆಳುಗಳ, ಗುಲಾಮರ ಗುಂಪು. ಸೊಸೆಯನ್ನು ತಂದ ಎಷ್ಟೋ ಮನೆಗಳು ಈ ಹುಟ್ಟರ್ಥವನ್ನು ಇನ್ನೂ ಕಾಪಾಡಿಕೊಂಡಿವೆ.

ಪದದ ಅರ್ಥ ಪ್ರಾಣದ ಪ್ರಶ್ನೆಯಾಗುವುದು ಕಾನೂನಿನಲ್ಲಿ. 1961ರ ಕಾಯ್ದೆ ಮೊದಲು ಬಂದಾಗ, ಮದುವೆಯ 'ಕನ್ಸಿಡರೇಷನ್' ಆಗಿ ಕೊಟ್ಟದ್ದು ಮಾತ್ರ ಡೌರಿ ಎಂದಿತ್ತು. ಒಪ್ಪಂದದ ಕಾನೂನಿನಲ್ಲಿ ಆ ಪದಕ್ಕೆ ಪ್ರತಿಫಲ ಎಂದರ್ಥ. ಇದಕ್ಕೆ ಪ್ರತಿಯಾಗಿ ಇದು ಎಂದು ರುಜುವಾತು ಮಾಡಬೇಕು. ಯಾರು ಚೀಟಿ ಬರೆದುಕೊಡುತ್ತಾರೆ? ಹೆಂಗಸರು ಬೀದಿಗಿಳಿದ ಮೇಲೆ, 1984ರಲ್ಲಿ ಅದನ್ನು ತೆಗೆದು ಮದುವೆಗೆ 'ಸಂಬಂಧಿಸಿದಂತೆ' ಎಂದು ಮಾಡಲಾಯಿತು. 1986ರಲ್ಲಿ, ಮದುವೆಯ ನಂತರ ಯಾವಾಗ ಕೇಳಿದರೂ ಡೌರಿಯೇ ಎಂದಾಯಿತು. ಆದರೂ 2007ರಲ್ಲಿ ಸುಪ್ರೀಂ ಕೋರ್ಟಿನ ಒಂದು ಪೀಠ, ಮನೆಖರ್ಚಿಗೋ ಗೊಬ್ಬರ ಕೊಳ್ಳುವುದಕ್ಕೋ ಹಣ ಕೇಳಿದ್ದು ಡೌರಿಯಲ್ಲ ಎಂದಿತು. 2022ರ ಜನವರಿಯಲ್ಲಿ ಇನ್ನೊಂದು ಪೀಠ, ಮನೆ ಕಟ್ಟಲು ತವರಿನಿಂದ ಹಣ ಕೇಳಿದ್ದೂ ಡೌರಿ, ಆ ಪದಕ್ಕೆ ವಿಶಾಲ ಅರ್ಥ ಕೊಡಬೇಕು ಎಂದಿತು. ಇದನ್ನು ಓದಿದ ದಿನ ನನಗೆ ನೆನಪಾದದ್ದು ಆ ಹುಡುಗಿಯ 'ಸಮ್ ಹೆಲ್ಪ್'.

1986ರಲ್ಲಿ ದಂಡ ಸಂಹಿತೆಗೆ ಸೇರಿದ 304ಬಿ ಕಲಮಿನಲ್ಲಿ 'ಸೂನ್ ಬಿಫೋರ್' ಎಂಬ ಎರಡು ಪುಟ್ಟ ಪದಗಳಿವೆ. ಮದುವೆಯಾದ ಏಳು ವರ್ಷದೊಳಗೆ ಅಸಹಜವಾಗಿ ಸತ್ತವಳಿಗೆ, ಸಾವಿಗೆ 'ಸ್ವಲ್ಪ ಮುಂಚೆ' ವರದಕ್ಷಿಣೆಗಾಗಿ ಹಿಂಸೆಯಾಗಿತ್ತೆಂದು ತೋರಿಸಬೇಕು. ಎಷ್ಟು ಮುಂಚೆ? 'ಸೂನ್' ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಆ ಕ್ಷಣವೇ ಎಂದರ್ಥವಿತ್ತು. 'ಈಗ ಬಂದೆ' ಎಂದವರು ಗಂಟೆ ಬಿಟ್ಟು ಬರುತ್ತಾರಲ್ಲ, ಹಾಗೆ ಮನುಷ್ಯರ ಸೋಮಾರಿತನದಿಂದ ಅದು ಸ್ವಲ್ಪ ಹೊತ್ತಿನಲ್ಲಿ ಎಂದಾಯಿತು. ನನ್ನ ವಿದ್ಯಾರ್ಥಿನಿಯ ಮೊಕದ್ದಮೆಯಲ್ಲಿ, ಏಳು ತಿಂಗಳ ಹಿಂದಿನ ಕಾಗದ 'ಸೂನ್' ಹೇಗಾದೀತು ಎಂದು ವಕೀಲರು ವಾದಿಸಿದ್ದರು. ಸುಪ್ರೀಂ ಕೋರ್ಟು 2000ದಲ್ಲಿಯೂ 2021ರಲ್ಲಿಯೂ ಸ್ಪಷ್ಟಪಡಿಸಿದೆ: 'ಸೂನ್ ಬಿಫೋರ್' ಎಂದರೆ ಆ ಕ್ಷಣದ ಮುಂಚೆ ಎಂದಲ್ಲ, ಹಿಂಸೆಗೂ ಸಾವಿಗೂ ಜೀವಂತ ಕೊಂಡಿ ಇದ್ದರೆ ಸಾಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಮಿನಲ್ಲೂ ಇವೇ ಪದಗಳು ಉಳಿದಿವೆ. ಅಪರಾಧದ ಹೆಸರೂ ಹಾಗೇ ಇದೆ, 'ಡೌರಿ ಡೆತ್'. ಸಾವು. ಕೊಂದವರಿಲ್ಲದ ಹಾಗೆ.

ಇನ್ನು ಠಾಣೆಯಲ್ಲಿ, ಹಿರಿಯರ ಪಂಚಾಯಿತಿಯಲ್ಲಿ, ದುಃಖದ ಸಂಗತಿಯೆಂದರೆ ನಮ್ಮ ಸಲಹಾ ಕೇಂದ್ರಗಳಲ್ಲೂ, ದಿನವೂ ಕೇಳುವ ಪದ 'ಕಾಂಪ್ರಮೈಸ್'. ಅದರ ಲ್ಯಾಟಿನ್ ಮೂಲಕ್ಕೆ, ಮಧ್ಯಸ್ಥನ ಮಾತಿಗೆ ಬದ್ಧರಾಗುತ್ತೇವೆಂದು ಎರಡೂ ಕಡೆಯವರು ಜೊತೆಯಾಗಿ ಕೊಡುವ ಭಾಷೆ ಎಂದರ್ಥ. 'ಕಾಂ' ಎಂದರೆ ಜೊತೆ, 'ಪ್ರಾಮಿಸ್' ಎಂದರೆ ಭಾಷೆ. ಇನ್ನು ಎದುರು ಮಾತಾಡುವುದಿಲ್ಲ ಎಂದು ಅವಳು ಬರೆದುಕೊಡುತ್ತಾಳೆ. ಕೈ ಎತ್ತುವುದಿಲ್ಲ ಎಂದು ಅವನು ಬರೆದುಕೊಟ್ಟನೇ? ಒಬ್ಬಳೇ ಭಾಷೆ ಕೊಟ್ಟದ್ದು ಕಾಂಪ್ರಮೈಸ್ ಅಲ್ಲ, ಶರಣಾಗತಿ. ಇಷ್ಟನ್ನಾದರೂ ನಮ್ಮ ಕಾರ್ಯಕರ್ತೆಯರು ಮೇಜಿನ ಮುಂದೆ ಕೂತು ಕೇಳಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ ಸರಳ. ನೊಂದವಳ ಮಾತನ್ನು ಬರೆದುಕೊಳ್ಳುವಾಗ ಗೌರವದ ಇಂಗ್ಲಿಷಿಗೆ ತರ್ಜುಮೆ ಮಾಡಬೇಡಿ. ಕನ್ನಡದ 'ಕಿರುಕುಳ' ಎಂಬ ಮುದ್ದು ಪದವೂ ಸಾಲದು. ಯಾವ ದಿನ, ಎಷ್ಟು ಹಣ ಕೇಳಿದರು, ಯಾರು ಕೇಳಿದರು, ಯಾವ ಮಾತಿನಲ್ಲಿ ಕೇಳಿದರು, ಆಗ ಅಲ್ಲಿ ಯಾರಿದ್ದರು, ಯಾವುದರಿಂದ ಹೊಡೆದರು, ಎಲ್ಲಿ ಗಾಯವಾಯಿತು, ಅವಳ ಬಾಯಲ್ಲಿ ಬಂದ ಹಾಗೆ ಬರೆಯಿರಿ. ಸಂಬಳ ಕಿತ್ತುಕೊಂಡದ್ದು, ರೇಷನ್ನಿಗೆ ದುಡ್ಡು ಕೊಡದೆ ಸತಾಯಿಸಿದ್ದು ಕೂಡ ಬರೆಯಿರಿ. 2005ರ ಕಾಯ್ದೆ ಆರ್ಥಿಕ ಹಿಂಸೆಯನ್ನೂ ಹೆಸರಿಟ್ಟು ಗುರುತಿಸಿದೆ. ಅರ್ಥವಾಗದ ಇಂಗ್ಲಿಷ್ ಕಾಗದಕ್ಕೆ ಯಾರೂ ಸಹಿ ಹಾಕದಿರಲಿ. ಮಗಳು 'ಸ್ವಲ್ಪ ಅಡ್ಜಸ್ಟ್‌ಮೆಂಟ್ ಪ್ರಾಬ್ಲಂ' ಎಂದರೆ, ಅಂದರೆ ಏನಮ್ಮಾ ಎಂದು ಅವತ್ತೇ ಕೇಳಿ. ಏಳು ತಿಂಗಳು ಬಿಟ್ಟು ಅಲ್ಲ.

ಕೊನೆಯದಾಗಿ ಒಂದು ಪದ. ಇಂಗ್ಲಿಷಿನ 'ಡೆಸ್ಪಾಟ್', ಅಂದರೆ ನಿರಂಕುಶ ಒಡೆಯ, ಗ್ರೀಕ್‌ನಿಂದ ಬಂದದ್ದು. ಮನೆಯ ಯಜಮಾನ ಎಂದು ಅದರ ಮೂಲ ಅರ್ಥ. ಸಂಸ್ಕೃತದ 'ದಂಪತಿ' ಅದರ ಒಡಹುಟ್ಟು. 'ದಂ' ಎಂದರೆ ಮನೆ, 'ಪತಿ' ಎಂದರೆ ಒಡೆಯ. ಆದರೆ ಇಲ್ಲಿ ಆ ಪದ ದ್ವಿವಚನದಲ್ಲಿ ನಿಂತು, ಗಂಡ ಹೆಂಡತಿ ಇಬ್ಬರೂ ಸೇರಿ ಮನೆಯ ಒಡೆಯರು ಎಂದಾಯಿತು. ಒಂದೇ ಬೇರಿನಿಂದ ಒಂದು ಕಡೆ ದಬ್ಬಾಳಿಕೆಯವನು, ಇನ್ನೊಂದು ಕಡೆ ಸರಿಸಮಾನ ಜೋಡಿ. ಮದುವೆಯ ಕರೆಯೋಲೆಗಳಲ್ಲೆಲ್ಲ ದಂಪತಿ ಎಂದೇ ಅಚ್ಚು ಹಾಕಿಸುತ್ತೇವೆ. ಒಳಗೆ ಯಾವುದು ನಡೆದಿದೆ ಎಂದು ಬಾಗಿಲು ತಟ್ಟಿ ನೋಡುವ ಕೆಲಸ ನಮ್ಮದು.

ಆ ಹುಡುಗಿಯ ಕಾಗದಗಳು ನ್ಯಾಯಾಲಯದ ಕಡತದಲ್ಲೇ ಉಳಿದವು. ಎಕ್ಸ್‌ಪೆಕ್ಟ್ ಅಂದರೆ ಏನು ಎಂದು ಇವತ್ತು ಯಾರಾದರೂ ನನ್ನನ್ನು ಕೇಳಿದರೆ, ನಿಘಂಟಿನ ಅರ್ಥವನ್ನೂ ಹೇಳುತ್ತೇನೆ, ಅವಳ ಅರ್ಥವನ್ನೂ ಹೇಳುತ್ತೇನೆ. ಅವತ್ತು ಎರಡನ್ನೂ ಹೇಳಬೇಕಿತ್ತು.